ವರ್ಷಫಲದ ಅರಬ್ಬಿ ಮಾತುಗಳು

ಆ ಸಂಜೆ ಮೇಲೂರಿನ ನಮ್ಮ ಮನೆಯ ಜಗಲಿಯಲ್ಲಿ ಇಬ್ಬರೂ ನಗುತ್ತಿದ್ದರು. ನನ್ನ ಯಜಮಾನರು ಕೆಲಸದಿಂದ ನಿವೃತ್ತರಾದ ಮೇಲೆ ನೆಂಟರಿಷ್ಟರಿಗೆ ವರ್ಷಫಲ ಬರೆದುಕೊಡುತ್ತಿದ್ದರು. ಪ್ರತಿ ಹುಟ್ಟುಹಬ್ಬಕ್ಕೆ ಮುಂದಿನ ಒಂದು ವರ್ಷದ ಕುಂಡಲಿ. ಎದುರಿಗಿದ್ದವರು ಪಕ್ಕದ ಬೀದಿಯ ಗೆಳೆಯ, ರೇಷ್ಮೆ ನೂಲು ತೆಗೆಸುವವರು. ಚಿಕ್ಕಂದಿನಲ್ಲಿ ಮುರುಗಮಲ್ಲದ ದರ್ಗಾದ ಹತ್ತಿರ ಅಜ್ಜನ ಮನೆಯಲ್ಲಿದ್ದು ಅರಬ್ಬಿ ಕಲಿತಿದ್ದರು.

“ಎರಡು ಗ್ರಹ ಹತ್ತಿರ ಬಂದ್ರೆ ಇತ್ಥಶಾಲ ಅಂತೀವಿ,” ಎಂದರು ಇವರು.

“ಇತ್ತಿಸಾಲ್! ಸೇರೋದು. ನಮ್ಮದೇ ಮಾತು ಕಣ್ರೀ ಜೋಯಿಸ್ರೇ.”

“ದೂರ ಆದ್ರೆ ಈಸರಾಫ.”

“ಇನ್ಸಿರಾಫ್. ತಿರುಗಿ ಹೋಗೋದು. ಇನ್ನೂ ಎಷ್ಟು ಕದ್ದಿದ್ದೀರಪ್ಪ?”

“ಕದ್ದಿಲ್ಲ ಕಣಯ್ಯ, ನೀವೇ ಬಿಟ್ಟು ಹೋಗಿದ್ದು. ವರ್ಷಕ್ಕೊಂದು ರಾಶಿ ದಾಟೋ ಮುಂಥಾ?”

“ಮುಂತಹಾ ಇರ್ಬೇಕು. ಕೊನೆ ಮುಟ್ಟೋ ಜಾಗ.”

ಈ ವಿದ್ಯೆಯ ತಾಜಿಕ ಎಂಬ ಹೆಸರು ಪರ್ಷಿಯದವರು ಅರಬ್ಬರನ್ನು ಕರೆಯುತ್ತಿದ್ದ ಹೆಸರಿನಿಂದ ಬಂದದ್ದೆಂದು ಇವರಿಗೆ ಗೊತ್ತಿತ್ತು. ಒಳಗಿನ ಮಾತುಗಳ ಅರ್ಥ ಸಿಕ್ಕಿದ್ದು ಅಂದೇ. ಊಟಕ್ಕೆ ಕೂತಾಗಲೂ ನನಗೆ ಅದನ್ನೇ ಹೇಳಿದರು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದರು. ಚಿಕ್ಕಬಳ್ಳಾಪುರದ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ತಿಥಿಯ ದಿನ ಬಂದ ಹೆಂಗಸರು, ಹೋಗುವ ಹಿಂದಿನ ದಿನ ಹೇಗಿದ್ದರು ಎಂದು ಕೇಳಿದರು. ನಗುತ್ತಿದ್ದರು ಎಂದೆ. ಅಷ್ಟಕ್ಕೇ ಬಿಡದೆ ಆ ಮಾತುಗಳನ್ನು, ಗೆಳೆಯರು ಹೇಳಿದ ಅರ್ಥಗಳನ್ನು ಒಂದೊಂದಾಗಿ ಹೇಳಿದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

ಭಾವ, ಅಂದರೆ ಇವರ ಅಣ್ಣ, ಕೇಳಿಸಿಕೊಂಡರು. “ಅದಕ್ಕೇ ಹಿಂಗಾಯ್ತು. ಸಾಬ್ರ ಹತ್ರ ಶಾಸ್ತ್ರದ ಅರ್ಥ ಬಿಡಿಸ್ಕೊಂಡ್ರೆ ಜೀವ ಉಳಿಯತ್ತಾ? ಮೈಲಿಗೆ ಮಾಡ್ಕೊಂಡ. ಊರಿಗೆಲ್ಲ ವರ್ಷ ಹೇಳ್ದೋನು, ತನ್ನ ನಾಳೆ ಕಾಣ್ಲಿಲ್ಲ.”

ಅದೇ ಗೆಳೆಯರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು, ಕೈಯಲ್ಲಿ ಹಣ್ಣಿನ ಚೀಲ.

ಆ ಮಾತುಗಳು ಗೆಳೆಯರು ಅರ್ಥ ಬಿಡಿಸುವ ಮೊದಲೂ ಅರಬ್ಬಿಯೇ ಆಗಿದ್ದವು. ಭಾವನ ಮಗಳಿಗೆ ಮದುವೆ ಕೂಡಿಬರುವ ವರ್ಷವನ್ನು ಇವರು ಬರೆದುಕೊಟ್ಟದ್ದೂ ಅದೇ ಮಾತುಗಳಲ್ಲಿ. ಆಗ ಭಾವ ಸಿಹಿ ಹಂಚಿದ್ದರು. ಇಷ್ಟು ಹೇಳಲು ನನಗೆ ಓದು ಬೇಕಿರಲಿಲ್ಲ. ತಲೆ ಬಗ್ಗಿಸಿ ಕೂತೆ. ಗೆಳೆಯರು ಚೀಲವನ್ನು ಹೊಸ್ತಿಲ ಬಳಿ ಇಟ್ಟು, “ಬರ್ತೀನಿ ಅಕ್ಕ,” ಎಂದು ಹೊರಟುಹೋದರು. ಊಟ ಮಾಡಿ ಹೋಗಿ ಎಂಬ ಮಾತು ಕೂಡ ಯಾರ ಬಾಯಿಂದಲೂ ಬರಲಿಲ್ಲ.

ಈಗ ಹಾಲಿನ ಡೈರಿಯ ಹತ್ತಿರ ಸಿಕ್ಕರೆ “ಹುಷಾರಾಗಿದ್ದೀರಾ ಅಕ್ಕ?” ಎನ್ನುತ್ತಾರೆ. ಹೂಂ ಎನ್ನುತ್ತೇನೆ. ನಾಚಿಕೆಯಿಂದ ಅವರ ಮುಖ ನೋಡಲಾಗುವುದಿಲ್ಲ. ಅಂದು ಭಾವ ಆಡಿದ್ದು ತಪ್ಪು ಎಂದು ನಮ್ಮ ಮನೆಯವರು ಯಾರೂ ಆ ಗೆಳೆಯರಿಗೆ ಇನ್ನೂ ಹೇಳಿಲ್ಲ. ನಾನೂ ಹೇಳಿಲ್ಲ.