ಹಗ್ಗ ಎಳೆದರೆ ಒದೆಯುವ ಎಂಜಿನ್

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎದುರಿಗೆ ಫಿಟ್ಟರ್, ಬೆನ್ನ ಹಿಂದೆ ಸಿಡಿಗುಂಡು. ಪಂಪ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ಮನೆಗೆ ಬಂದವನು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದಕ್ಕೆ ಅವನು ಕೊಟ್ಟುಕೊಂಡ ಹೆಸರು ಮಾತ್ರ ಶಿಸ್ತು. ಕೈಗುಣ ಒಳ್ಳೆಯದು, ಅದನ್ನು ಇಲ್ಲ ಅನ್ನುವಂತಿಲ್ಲ. ಕೆಟ್ಟ ಮೆಷಿನ್ ಹೊತ್ತು ತಂದವರು "ಏನಾಯ್ತು ಅಂದ್ರೆ ಫಿಟ್ಟರೇ..." ಎಂದು ಶುರು ಮಾಡಿದರೆ ಸಾಕು, "ಸುಮ್ನಿರ್ರೀ! ಮೆಷಿನ್ ಸುಳ್ಳು ಹೇಳಲ್ಲ, ಅದರ ಯಜಮಾನ ಹೇಳ್ತಾನೆ" ಎಂದು ಗದರಿಸಿ ಬಾಯಿ ಮುಚ್ಚಿಸುತ್ತಿದ್ದ. ಇನ್ನೊಬ್ಬರನ್ನು ಕೇಳಿ ತಿಳಿದುಕೊಳ್ಳುವುದು ಅವನ ಪಾಲಿಗೆ ಅವಮಾನ.

ಈ ಸಲ ಕೆಟ್ಟು ಕೂತಿದ್ದು ಮನೆಯ ಮೆಷಿನ್ನೇ. ಹುಲ್ಲು ಕತ್ತರಿಸುವ ಹಳೇ ಮೆಷಿನ್, ಬಣ್ಣ ಹೋಗಿ ಬರೀ ತುಕ್ಕು. ಅದನ್ನೇ ತಳ್ಳಿಕೊಂಡು ನಾಲ್ಕು ಕಡೆ ಹುಲ್ಲು ಹೊಡೆದು ಮಗಳು ತನ್ನ ಕಾಲ ಮೇಲೆ ನಿಂತಿದ್ದಳು. ನಾಲ್ಕರಲ್ಲಿ ದೊಡ್ಡದು ಆಸ್ಪತ್ರೆಯ ಅಂಗಳ. ಅಲ್ಲಿನ ಮೇಲ್ವಿಚಾರಕಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದಳು: ಶನಿವಾರ ಮಧ್ಯಾಹ್ನದೊಳಗೆ ಹುಲ್ಲು ಹೊಡೆಯದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಬುಧವಾರ ಫಿಟ್ಟರ್ ಹಿತ್ತಲಲ್ಲಿ ಗೋಣಿಚೀಲ ಹಾಸಿ ಕೂತ. ಹಗ್ಗ ಎಳೆದರೆ ಎಂಜಿನ್ ಒಂದು ಸಲ ಕೆಮ್ಮುತ್ತಿತ್ತು, ಮರುಕ್ಷಣ ಹಗ್ಗವನ್ನು ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಒದೆಯುತ್ತಿತ್ತು. ಪ್ಲಗ್ ಬಿಚ್ಚಿ ಉಜ್ಜಿದ. ಒದೆಯಿತು. ಗುರುವಾರ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಒದೆಯಿತು. ಶುಕ್ರವಾರ ಪೆಟ್ರೋಲ್ ಪೂರ್ತಿ ಚೆಲ್ಲಿ ಹೊಸದು ಹಾಕಿ ಇನ್ನೊಂದು ಸಲ ಕಾರ್ಬ್ಯುರೇಟರ್ ಬಿಚ್ಚಿದ. ಹಗ್ಗದ ಹಿಡಿ ಗೆಣ್ಣಿಗೆ ಬಡಿದು ರಕ್ತ ಬಂತು. "ಥೂ, ನಿನ್ನ ಮನೆ ಹಾಳಾಗ!" ಎಂದು ಸ್ಪ್ಯಾನರ್ ಬೀಸಿ ಒಗೆದ. ಬಕೆಟ್ಟಿಗೆ ತೂತು ಬಿತ್ತು. ಹೆಂಡತಿ ಬಂದು ಬಕೆಟ್ ಒಳಗೆ ತೆಗೆದುಕೊಂಡು ಹೋದಳು.

ಬ್ಲೇಡಿಗೆ ಏಟು ಬಿದ್ದಿದೆಯೇ ಎಂಬ ಅನುಮಾನ ಮೊದಲ ದಿನವೇ ಬಂದಿತ್ತು. ಬಗ್ಗಿ ನೋಡಿದ್ದ. ಅಂಚು ಹೊಳೆಯುತ್ತಿತ್ತು, ಎಲ್ಲೂ ಒಂದು ಕಚ್ಚಿಲ್ಲ. ಸರಿ, ಏಟಂತೂ ಅಲ್ಲ ಎಂದು ಅನುಮಾನವನ್ನು ಅಲ್ಲಿಗೇ ಬಿಟ್ಟ. ಮಗಳನ್ನು ಒಂದು ಮಾತು ಕೇಳಿದ್ದರೆ? ಕೇಳಲಿಲ್ಲ. ಶುಕ್ರವಾರ ಸಂಜೆ ಹೊತ್ತಿಗೆ ತನ್ನ ಕೈಯೇ ಸತ್ತುಹೋಯಿತೋ ಏನೋ ಎಂಬ ಭಯ ಹೊಕ್ಕಿತು. ಭಯವಾದಷ್ಟೂ ಬೈಗುಳ ಜಾಸ್ತಿಯಾಯಿತು. ಎಂಜಿನ್ನಿಗೆ, ಅದನ್ನು ಮಾಡಿದವನಿಗೆ, ಬೆಳಕಿಗೆ ಅಡ್ಡ ಬಂದ ಹೆಂಡತಿಗೆ, ಎಲ್ಲರಿಗೂ ಬಿತ್ತು.

ಶನಿವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಎಂಜಿನ್ನಿನ ಮೇಲೆ ತಿರುಗುವ ಭಾರದ ಚಕ್ರ, ಫ್ಲೈವೀಲ್ ಕಳಚಿದ. ಅದನ್ನು ಬ್ಲೇಡ್ ತಿರುಗಿಸುವ ದಂಡಕ್ಕೆ ಹಿಡಿದಿಡುವುದು ಬೆರಳುಗುರಿನಷ್ಟು ಚಿಕ್ಕ ಕೀ. ಬೇಕೆಂದೇ ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ. ಬ್ಲೇಡ್ ಕಲ್ಲಿಗೆ ಬಡಿದರೆ ಅದು ಕತ್ತರಿಸಿಹೋಗಿ ದಂಡವನ್ನು ಉಳಿಸುತ್ತದೆ, ಆದರೆ ಕಿಡಿ ಹೊತ್ತಲ್ಲದ ಹೊತ್ತಲ್ಲಿ ಬಂದು ಎಂಜಿನ್ ಒದೆಯುತ್ತದೆ. ಆ ಕೀ ಅರ್ಧ ಕತ್ತರಿಸಿಹೋಗಿತ್ತು. ಫಿಟ್ಟರ್ ಮೆಷಿನ್ ಮಗುಚಿ ಬ್ಲೇಡ್ ಬಿಚ್ಚಿ ಕೈಯಲ್ಲಿ ಹಿಡಿದ. ಒಂದು ತುದಿ ಇನ್ನೊಂದಕ್ಕಿಂತ ಹೆಚ್ಚು ಸವೆದಿತ್ತು. ಏಟಿನ ಗುರುತು ಕಾಣದಂತೆ ಯಾರೋ ಅರದಿಂದ ಉಜ್ಜಿದ್ದರು.

"ಏಯ್! ಬಾರೇ ಇಲ್ಲಿ!"

ಮಗಳು ಬಂದು ಎದುರಿಗೆ ನಿಂತಳು. ಬ್ಲೇಡ್ ನೋಡಿದಳು.

"ಯಾವ ಕಲ್ಲಿಗೆ ಹೊಡ್ದೆ?"

"ಕಲ್ಲಲ್ಲ. ನೀರಿನ ಪೈಪಿನ ಮುಚ್ಚಳ. ಹುಲ್ಲೊಳಗೆ ಕಾಣಲಿಲ್ಲ."

"ನಾಲ್ಕು ದಿನ! ನಾಲ್ಕು ದಿನ ಕತ್ತೆ ಥರ ದುಡಿಸಿದ್ದೀಯಲ್ಲೇ! ನನ್ನ ಕೈ ಬಿದ್ದೇಹೋಯ್ತು ಅಂದ್ಕೊಂಡಿದ್ದೆ! ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?"

ಮಗಳೂ ಅವನ ರಕ್ತವೇ ತಾನೆ. "ಹೂಂ, ಅರ ಹಾಕಿ ಉಜ್ಜಿದ್ದು ನಾನೇ! ಇದರ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕಳೆದಾಗ ಎಷ್ಟು ದಿನ ಬೈದ್ರಿ, ನೆನಪಿದೆಯಾ? ಹನ್ನೊಂದು ದಿನ. ಒಂದು ಮುಚ್ಚಳಕ್ಕೆ! ನನ್ನ ಕೆಲಸ ಹೋದ್ರೂ ಹೋಗ್ಲಿ, ಆ ಬೈಗುಳ ಬೇಡ ಅಂತ ಸುಮ್ನಿದ್ದೆ!"

ಉತ್ತರ ಅವನ ನಾಲಿಗೆ ತುದಿಗೆ ಬಂದಿತ್ತು. ಆದರೆ ಒಳಗೆ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಹೊಸ ಕೀ ಮಾಡಲು ಡಬ್ಬಿಯಲ್ಲಿದ್ದ ಲೋಹದ ಚೂರುಪಾರು ನೆಲಕ್ಕೆ ಸುರಿದ. ಉಕ್ಕಿನ ತುಂಡೊಂದು ಸಿಕ್ಕಿತು. ಹಾಕಿದರೆ ಜನ್ಮದಲ್ಲಿ ಮುರಿಯದು, ಆದರೆ ಮುಂದಿನ ಏಟಿಗೆ ದಂಡವೇ ಹೋದೀತೆಂದು ಪಕ್ಕಕ್ಕೆಸೆದ. ಅಲ್ಯೂಮಿನಿಯಂ ಚೂರೊಂದನ್ನು ಹಿಡಿದು ಮುಕ್ಕಾಲು ಗಂಟೆ ಅರ ಹಾಕಿ ಕೂರಿಸಿದ. ಬ್ಲೇಡಿನ ಎರಡೂ ತುದಿಗಳ ತೂಕ ಸರಿ ಮಾಡಿ ಬಿಗಿದ. ಹಗ್ಗ ಎಳೆದದ್ದು ಮಗಳು. ಎರಡನೇ ಎಳೆತಕ್ಕೆ ಎಂಜಿನ್ ಹೊಗೆಯುಗುಳಿ ಗುಡುಗುಡು ಎಂದಿತು. ಒದೆಯಲಿಲ್ಲ. ಅವಳು ಅದನ್ನು ನಿಲ್ಲಿಸಿ ಹಿಡಿಗೆ ಕೈ ಹಾಕಿದಳು. ಮಧ್ಯಾಹ್ನಕ್ಕೆ ಇನ್ನೂ ಒಂದೂವರೆ ಗಂಟೆಯಿತ್ತು, ಆಸ್ಪತ್ರೆ ಹತ್ತಿರದಲ್ಲೇ.

ಕೈ ಬದುಕಿದೆ ಎಂದು ಗೊತ್ತಾದ ಮೇಲೆ ಫಿಟ್ಟರಿಗೆ ಜಂಬ ವಾಪಸ್ ಬಂತು. "ನೋಡು, ಇನ್ಮೇಲೆ ಏನೇ ಆದ್ರೂ ನನಗೆ ಹೇಳ್ಬೇಕು. ಈ ಮನೇಲಿ ಮುಚ್ಚಿಡೋ ಕೆಲಸ ನಡೆಯಲ್ಲ."

ಮಗಳು ಗೇಟಿನ ಹತ್ತಿರ ನಿಂತು ತಿರುಗಿದಳು. "ಅಮ್ಮನ ಕನ್ನಡಕ ಒಡೆದು ಎರಡು ತಿಂಗಳಾಯ್ತು. ನಿಮಗೆ ಗೊತ್ತಾ?" ಎಂದವಳೇ ಮೆಷಿನ್ ತಳ್ಳಿಕೊಂಡು ಹೊರಟುಹೋದಳು.

ಹೆಂಡತಿ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಬರಿಗಣ್ಣು, ಮೂಗಿನ ಮೇಲಿನ ಹಳೇ ಗುರುತು ಕೂಡ ಮಾಸಿಹೋಗಿತ್ತು. ಎರಡು ತಿಂಗಳಿಂದ ದಿನಾ ಎದುರಿಗೇ ಇದ್ದ ಮುಖ. ಅವನಿಗೆ ನಿಜವಾಗಿ ಸಂಕಟವಾಯಿತು. ಆದರೆ ಬಾಯಿಂದ ಹೊರಬಿದ್ದದ್ದು ಮಾತ್ರ ದಿನದ ಗದರಿಕೆಯೇ.

"ಯಾಕೇ ಹೇಳ್ಲಿಲ್ಲ ನೀನು? ಆಂ? ನಾನೇನು ಸತ್ತುಹೋಗಿದ್ನಾ?"

ಪಕ್ಕದ ಮನೆಯ ಕಿಟಕಿ ಫಟ್ಟನೆ ಮುಚ್ಚಿಕೊಂಡಿತು. ಅವಳು ಬೆಚ್ಚಲಿಲ್ಲ, ಅಳಲೂ ಇಲ್ಲ. ಕಣ್ಣು ಕಿರಿದು ಮಾಡಿ ಅವನ ಮುಖವನ್ನು ಹುಡುಕಿ ನೋಡಿದಳು.

"ಇದಕ್ಕೇ" ಅಂದಳು.