ಡ್ರಮ್ಮಿನ ಬಾಯಲ್ಲಿ ಹುಲಿಗೆಮ್ಮ

ಹಳೇ ಡ್ರಮ್ಮು ಕೊಳ್ಳುವ ಮೊದಲು ಹೊನ್ನೂರಪ್ಪನವರು ಅದರ ಬಾಯಿಗೆ ಬಗ್ಗಿ ಹೆಂಡತಿಯ ಹೆಸರು ಕೂಗುತ್ತಿದ್ದರು: “ಹುಲಿಗೆಮ್ಮಾ!” ಒಳಗಿನಿಂದ ಆ ‘ಮ್ಮಾ’ ಖಣೀರೆಂದು ತಿರುಗಿ ಬಂದರೆ ಡ್ರಮ್ಮು ಪಾಸು. ಮಂಕಾಗಿ ಬಂದರೆ ತಳದಲ್ಲಿ ಗಸಿ ಕೂತಿದೆ, ಇಲ್ಲವೇ ತಗಡು ತುಕ್ಕು ತಿಂದಿದೆ ಎಂದು ತೀರ್ಪು. ಹೊಸಪೇಟೆಯ ಗುಜರಿ ಅಂಗಡಿಯವರಿಗೆಲ್ಲ ಆ ಹೆಸರು ಬಾಯಿಪಾಠವಾಗಿತ್ತು.

ಮನೆಯ ಅಂಗಳದಲ್ಲಿ ಕೂಗಿದರಂತೂ ಕೇಳಬೇಡಿ. ನಿಜವಾದ ಹುಲಿಗೆಮ್ಮನವರೇ ರೊಟ್ಟಿ ಹಿಟ್ಟಿನ ಕೈಯಲ್ಲಿ ಹೊರಗೆ ಬರುವರು.

“ಕರದಿದ್ದು ನನಗೋ, ಡ್ರಮ್ಮಿಗೋ?”

“ಡ್ರಮ್ಮಿಗೆ. ಅದು ತಿರುಗಿ ಬೈಯಂಗಿಲ್ಲ ನೋಡು!”

ಯಶವಂತನಗರದ ಗಣಿ ಲಾರಿಗಳನ್ನು ಬಿಚ್ಚಿ ಜೋಡಿಸಿಯೇ ಕೂದಲು ನರೆತ ಮೆಕ್ಯಾನಿಕ್ ಅವರು. ಆಮೇಲೆ ಆ ಲಾರಿಗಳ ಸುಟ್ಟ ಆಯಿಲನ್ನೇ ತಂದು, ಸೋಸಿ, ತಿಳಿಯಾಗಿಸಿ, ನನ್ನಂಥವರ ಭಟ್ಟಿಗೆ ಉರುವಲಾಗಿ ಕೊಡುತ್ತಿದ್ದರು. ನನ್ನದು ಅಲ್ಯುಮಿನಿಯಂ ಕರಗಿಸಿ ಪಂಪಿನ ಭಾಗ ಎರೆಯುವ ಸಣ್ಣ ಶೆಡ್ಡು.

ಹೊಸದರಲ್ಲಿ ನಾನು ಮಹಾ ಜಾಣ. ಅವರನ್ನು ಕೇಳದೆ ಬಿಳೀ ಪ್ಲಾಸ್ಟಿಕ್ ಡ್ರಮ್ಮು ತಂದು ಆಯಿಲ್ ತುಂಬಿ ಭಟ್ಟಿಯ ಹತ್ತಿರವೇ ಇಟ್ಟೆ. ಮೇಲೆ ನಮ್ಮೂರ ಬಿಸಿಲು, ಪಕ್ಕದಲ್ಲಿ ಬೆಂಕಿ. ವಾರದಲ್ಲಿ ಅದರ ಹೊಟ್ಟೆ ಮುಂದೆ ಬಂತು. ಹೊನ್ನೂರಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು:

“ಎಷ್ಟು ತಿಂಗಳಲೇ ಇದಕ್ಕ?”

ನಕ್ಕು ಮುಗಿದ ಮೇಲೆ ಪಾಠ. “ಕಬ್ಬಿಣದ್ದಾ ಬೇಕು. ನಳ ತಳದಾಗ ಹಚ್ಚಬ್ಯಾಡ, ನಾಕು ಬೆರಳು ಮ್ಯಾಲ ಹಚ್ಚು. ನೀರು, ಗಸಿ ಎಲ್ಲಾ ಕೆಳಗ ಕುಂತಿರತಾವು. ಕುಂತವರನ್ನ ಎಬ್ಬಿಸಬಾರದು.”

ಅವರು ನಗದೇ ಇದ್ದದ್ದನ್ನು ನಾನು ಒಂದೇ ಸಲ ಕಂಡಿದ್ದು. ಕಂಪ್ಲಿಯ ಗಿರಾಕಿಯ ಅವಸರಕ್ಕೆ ನಾನೊಂದು ಖಾಲಿ ಡೀಸೆಲ್ ಡ್ರಮ್ಮಿನ ತಲೆ ಕತ್ತರಿಸಲು ಒಂದು ಕೈಯಲ್ಲಿ ಗ್ಯಾಸ್ ಕಟರ್, ಇನ್ನೊಂದರಲ್ಲಿ ಲೈಟರ್ ಹಿಡಿದಿದ್ದೆ. ಎಲ್ಲಿದ್ದರೋ, ಓಡಿ ಬಂದು ಲೈಟರ್ ಕಸಿದು ಬೀದಿಗೆ ಎಸೆದರು.

“ಖಾಲಿ ಅಂತ ಯಾರು ಹೇಳಿದ್ರಲೇ ನಿನಗ? ಎಣ್ಣಿ ಹೋದ್ರೂ ಆವಿ ಒಳಗಾ ಇರತೈತಿ! ತುಂಬಿದ್ದಕ್ಕಿಂತ ಖಾಲಿ ಡ್ರಮ್ಮಿಗೆ ಅಂಜಬೇಕು. ನಿನ್ನ ಹೇಣ್ತಿಗೆ ನಾ ಏನಂತ ಹೇಳ್ಲಿ?”

ಆಮೇಲೆ ಡ್ರಮ್ಮನ್ನು ಸೋಪಿನ ನೀರಲ್ಲಿ ತೊಳೆದು, ಕಂಠಮಟ್ಟ ನೀರು ತುಂಬಿಸಿ, ಉಳಿ ಸುತ್ತಿಗೆಯಲ್ಲಿ ತಾವೇ ಕೂತು ಕತ್ತರಿಸಿದರು. ಅವತ್ತಿನಿಂದ ಅವರು ಕೂಗಿ ನೋಡದ ಡ್ರಮ್ಮು ನನ್ನ ಶೆಡ್ಡಿಗೆ ಬರಲಿಲ್ಲ.

ಹೋದ ವರ್ಷ ಹೊನ್ನೂರಪ್ಪ ತೀರಿಕೊಂಡರು. ಮೊನ್ನೆ ನನ್ನ ಹಳೇ ಡ್ರಮ್ಮು ಸೋರತೊಡಗಿದಾಗ ಅವರ ಅಂಗಳದಲ್ಲಿ ಉಳಿದಿದ್ದ ಐದರಲ್ಲಿ ಒಂದನ್ನು ಒಯ್ಯಲು ಹೋದೆ. ಆರಿಸಿಕೊಡುವವರು ಯಾರು? ಬಡಿದು ನೋಡಿದೆ, ಏನೂ ತಿಳಿಯಲಿಲ್ಲ. ಸುತ್ತ ನೋಡಿ, ಬಗ್ಗಿ, ಧೈರ್ಯ ಮಾಡಿ ಕೂಗಿಯೇ ಬಿಟ್ಟೆ:

“ಹುಲಿಗೆಮ್ಮಾ!”

“ಬಂದ್ನಿ!” ಎಂದು ಒಳಗಿನಿಂದ ಉತ್ತರ ಬಂತು.

ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದವರು ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ಹಿರಿಯರನ್ನು ಹೆಸರು ಹಿಡಿದು ಕರೆದ ನನಗೆ ಭೂಮಿಗಿಳಿದು ಹೋದಂತಾಯಿತು.

“ನಿಮಗಲ್ರೀ ಅವ್ವಾರ... ಡ್ರಮ್ಮಿಗೆ.”

“ಗೊತ್ತೈತಪ್ಪ,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊಸ್ತಿಲ ಮೇಲೆ ಕುಳಿತರು. “ಅದು ಚಲೋ ಐತಿ, ತಗೊಂಡು ಹೋಗು.” ಆಮೇಲೆ, “ಉಳಿದವನ್ನೂ ಒಮ್ಮಿ ನೋಡು,” ಎಂದರು.

ನನಗೆ ಬೇಕಿದ್ದದ್ದು ಒಂದೇ ಡ್ರಮ್ಮು. ಉಳಿದ ನಾಲ್ಕರಲ್ಲೂ ಕೂಗಿದೆ.