ಪಾಳಿ ಬದಲಿಸಿಕೊಟ್ಟ ಗುರುವಾರ

ಪೀಣ್ಯದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಗೇಟಿನ ಬಳಿ ಒಂದು ಪುಸ್ತಕ ಇರುತ್ತದೆ. ಯಾರ ಪಾಳಿಯನ್ನು ಯಾರು ಮಾಡಿಕೊಡುತ್ತಾರೆ ಎಂದು ಅದರಲ್ಲಿ ಬರೆದು ಸಹಿ ಹಾಕಬೇಕು. ನನ್ನ ಸಹಿ ಇಲ್ಲದ ಪುಟ ಕಡಿಮೆ. ಮೂವತ್ತಮೂರನೇ ವಯಸ್ಸಿಗೆ ಹತ್ತನೇ ತರಗತಿ ಪಾಸಾದವನು ನಾನು. ಸಹಿ ಹಾಕುವುದೆಂದರೆ ಈಗಲೂ ಖುಷಿ. ಜೊತೆಗೆ, ತನಗಿಂತ ಮೊದಲು ಬೇರೆಯವರನ್ನು ನೋಡಬೇಕೆಂದು ಚರ್ಚಿನಲ್ಲಿ ಕೇಳಿದ್ದನ್ನು ಇಲ್ಲಿ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಆ ವಾರ ನನಗೆ ಮಧ್ಯಾಹ್ನ ಎರಡರ ಪಾಳಿ. ಗುರುವಾರ ಬೆಳಿಗ್ಗೆ ನನ್ನ ಹೆಂಡತಿಗೆ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯ ಪರೀಕ್ಷೆ ಇತ್ತು. ನನ್ನ ತಾಯಿಗೆ ಲಕ್ವ ಹೊಡೆದ ಮೇಲೆ ಅವಳು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಇದು ತಪ್ಪಿದರೆ ಮತ್ತೆ ಕರೆಯುವುದಿಲ್ಲ ಎಂದಿದ್ದರು. ತಾಯಿಯ ಹತ್ತಿರ ನಾನಿರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಮಂಗಳವಾರ ಜೊತೆಗೆಲಸದವನೊಬ್ಬ, "ಗುರು, ಗುರುವಾರ ನನ್ ಫಸ್ಟ್ ಶಿಫ್ಟ್ ನೀನ್ ಮಾಡ್ಬಿಡು, ಅಕ್ಕನ ಮಗೂಗೆ ನಾಮಕರಣ" ಎಂದ. ಬೆಳಗಿನ ಆ ಪಾಳಿಗೆ ಎಂದಿನಂತೆ ಸಹಿ ಹಾಕಿಬಿಟ್ಟೆ. ಬುಧವಾರ ಬೆಳಿಗ್ಗೆ ಚಹಾ ಕುಡಿಯುತ್ತ ಅದನ್ನು ಹೇಳಿದೆ. ಹೆಂಡತಿಯ ಮುಖ ನೋಡಿದ ಮೇಲೆಯೇ ಪರೀಕ್ಷೆ ನೆನಪಾದದ್ದು.

ಅವಳು ಕೂಗಾಡಲಿಲ್ಲ. ನಾವು ಗದಗ ಕಡೆಯವರು. ಸಿಟ್ಟು ಬಂದಾಗ ಅವಳ ಮಾತು ಇನ್ನೂ ಮೆತ್ತಗಾಗುತ್ತದೆ. ತಾಯಿಯ ತಲೆ ಬಾಚುತ್ತಲೇ ಹೇಳಿದಳು: "ಕಾರ್ಖಾನಿ ಮಂದಿಗೆಲ್ಲಾ ನೀವು ಒಳ್ಳೇ ಸಮಾರ್ಯದವ್ರು. ಮನಿ ಬಾಗಿಲಿಗೆ ಬಂದ್ರ ಮಾತ್ರ ಲೇವಿ ಆಕ್ಕೀರಿ. ಬಿದ್ದಾವ್ರನ್ನ ನೋಡಿ ಆ ಬಾಜೂಲೆ ದಾಟಿ ಹೊಕ್ಕೀರಿ." ಯೇಸು ಹೇಳಿದ ಕಥೆಯದು: ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟವನನ್ನು ದೇವಾಲಯದ ಸೇವೆಯ ಲೇವಿ ನೋಡಿಯೂ ದಾಟಿ ಹೋದ, ಪರಕೀಯನಾದ ಸಮಾರ್ಯದವನು ಎತ್ತಿ ಆರೈಕೆ ಮಾಡಿದ.

ತಾಯಿ ಸೊಟ್ಟ ಬಾಯಲ್ಲಿ ನಕ್ಕರು. "ಖರೇ ಅಂದ್ಲು ನೋಡು."

ಮಧ್ಯಾಹ್ನ ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ಆ ಜೊತೆಗೆಲಸದವನಿಗಾಗಿ ನಿಂತೆ. ಗುರುವಾರ ನನ್ನಿಂದ ಆಗುವುದಿಲ್ಲ ಎಂದು ಅವನಿಗೆ ಹೇಳಬೇಕಿತ್ತು. ಎಂಟು ವರ್ಷಗಳಲ್ಲಿ ನಾನು ಯಾರಿಗೂ ಆಗುವುದಿಲ್ಲ ಎಂದವನಲ್ಲ. ಒಳ್ಳೆಯವನೆಂಬ ಆ ಹೆಸರು ನನಗೆ ಎಷ್ಟು ಬೇಕಾಗಿತ್ತೆಂದು ಆಗ ತಿಳಿಯಿತು. ನಿದ್ದೆ, ರಜೆ ಬಿಡುವುದು ಅದನ್ನು ಬಿಡುವುದಕ್ಕಿಂತ ಸುಲಭವಿತ್ತು.

"ಏನ್ ಮಚ್ಚಾ, ಕೊನೇ ಟೈಮಲ್ಲಿ ಕೈ ಕೊಡ್ತೀಯಲ್ಲ! ನೀನೂ ನಮ್ಮಂಗೇ ಆಗೋದ್ಯಾ?" ಎಂದು ಅವನು ಎಲ್ಲರೆದುರಿಗೇ ಕೇಳಿದ.

"ಹೌದಪಾ, ತಪ್ಪಾತು" ಎಂದೆ. ಪುಸ್ತಕದಲ್ಲಿ ನನ್ನ ಸಹಿಯನ್ನು ನಾನೇ ಹೊಡೆದುಹಾಕಿದೆ.

ಗುರುವಾರ ಹೆಂಡತಿ ಪರೀಕ್ಷೆಗೆ ಹೋದಳು. ತಾಯಿಗೆ ಗಂಜಿ ಕುಡಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಯಾವ ಕೆನ್ನೆಯ ಕಡೆ ಚಮಚ ಇಡಬೇಕೆಂದೂ ಗೊತ್ತಿರಲಿಲ್ಲ. ಎರಡು ವರ್ಷ ಅವಳೇ ಕುಡಿಸಿದ್ದಳು. ಹನ್ನೆರಡಕ್ಕೆ ಬಂದವಳು ಚಪ್ಪಲಿ ಬಿಡುವ ಮೊದಲೇ, "ಅತ್ತಿ ಉಂಡ್ರ?" ಎಂದಳು. ಆಮೇಲೆ, "ತಗೊಂಡಾರ. ಸೋಮವಾರದಿಂದ ಬಾ ಅಂದಾರ. ಹಗಲೆಲ್ಲಾ ಇವ್ರ ಕಡಿ ಯಾರಿರ್ತಾರ?"

ಅವಳು ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿದ್ದಳು.

ಈಗ ನನ್ನದು ಕಾಯಂ ರಾತ್ರಿ ಪಾಳಿ. ನಾನೇ ಕೇಳಿ ಬರೆಸಿಕೊಂಡೆ. ಬೆಳಿಗ್ಗೆ ಬಂದು ಗಂಜಿ ಕುಡಿಸಿ, ತಾಯಿಯ ಮಂಚದ ಪಕ್ಕ ಚಾಪೆ ಹಾಸಿ ತುಂಡು ತುಂಡಾಗಿ ಮಲಗುತ್ತೇನೆ. ಅವರು ಮಂಚ ತಟ್ಟಿದರೆ ಏಳುತ್ತೇನೆ. ಪ್ರಾರ್ಥನೆಗೆ ಕೂತರೆ 'ಕರ್ತನೇ' ಎನ್ನುವಷ್ಟರಲ್ಲಿ ತೂಕಡಿಕೆ.

ಮೊನ್ನೆ ಗೇಟಿನಲ್ಲಿ ಸಿಕ್ಕ ಅದೇ ಜೊತೆಗೆಲಸದವ ನಕ್ಕ: "ನೈಟ್ ಶಿಫ್ಟ್ ಯಾವನಿಗೆ ಬೇಕು ಗುರು? ಇನ್ಮೇಲೆ ಬದ್ಲಿ ಮಾಡ್ಕೊಡು ಅಂತ ನಿನ್ ಹತ್ರ ಯಾರೂ ಬರಲ್ಲ ಬಿಡು."

ಯಾರೂ ಬಂದಿಲ್ಲ.